ದಿಲ್ಲಿಯ ಕಾಗದ, ಯಡಹಳ್ಳಿಯ ಗೋಡೆ

ಮುಧೋಳ, ಬೀಳಗಿ ತಾಲ್ಲೂಕುಗಳ ನಡುವೆ ಯಡಹಳ್ಳಿಯ ಕುರುಚಲು ಗುಡ್ಡಗಳಲ್ಲಿ ಚಿಂಕಾರಗಳಿವೆ. 2015–16ರ ಸುಮಾರಿಗೆ ಅಲ್ಲಿನ ಸುಮಾರು 96 ಚದರ ಕಿಲೋಮೀಟರ್ ಪ್ರದೇಶ ಅಭಯಾರಣ್ಯವಾಯಿತು. ಆಗಲೇಬೇಕಿತ್ತು. ಗುಡ್ಡ ಅಗೆಯುವವರಿಗೆ, ಕಲ್ಲು ಪುಡಿ ಮಾಡುವವರಿಗೆ ಎಲ್ಲಾದರೂ ಒಂದು ಗೆರೆ ಬೇಕಷ್ಟೆ. ನಮ್ಮ ತಕರಾರು ಆ ಗೆರೆಯ ಮೇಲಲ್ಲ. ಅದರಾಚೆ ಬದುಕುವವನಿಗೆ ಈ ವಿಷಯವನ್ನು ಯಾವ ಭಾಷೆಯಲ್ಲಿ ತಿಳಿಸುತ್ತೀರಿ ಎಂಬುದೇ ನಮ್ಮ ಪ್ರಶ್ನೆ.

ಅಭಯಾರಣ್ಯಗಳ ಸುತ್ತ ‘ಪರಿಸರ ಸೂಕ್ಷ್ಮ ವಲಯ’ ಗೊತ್ತುಮಾಡುವುದು ಕೇಂದ್ರ ಪರಿಸರ ಸಚಿವಾಲಯ. ಮೊದಲು ಕರಡು ಬರುತ್ತದೆ, ಆಕ್ಷೇಪಣೆಗೆ 60 ದಿನ ಕೊಡುತ್ತಾರೆ, ಆಮೇಲೆ ಅಂತಿಮ ಅಧಿಸೂಚನೆ. ಎಲ್ಲವೂ ಭಾರತದ ರಾಜಪತ್ರದಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ಆಕ್ಷೇಪಣೆ ಹೋಗಬೇಕಾದದ್ದು ದಿಲ್ಲಿಗೆ. ಹೊಲದ ಬದಿಯಲ್ಲಿ ಮಗನಿಗೆ ಎರಡು ಕೋಣೆ ಹಾಕಿಕೊಡಬೇಕೆನ್ನುವ ಬೀಳಗಿಯ ರೈತ ಆ 60 ದಿನಗಳಲ್ಲಿ ಏನನ್ನು ಓದಬೇಕು?

ಕಾನೂನಿನ ಎದೆ ಕಲ್ಲಲ್ಲ. ಇಂಥ ಅಧಿಸೂಚನೆಗಳು ಹೊಸ ವಾಣಿಜ್ಯ ಕಟ್ಟಡಗಳನ್ನು ತಡೆಯುತ್ತವೆ. ಆದರೆ ಸ್ಥಳೀಯರು ತಮ್ಮ ಜಮೀನಿನಲ್ಲಿ ತಮ್ಮ ಬಳಕೆಗೆ ಕಟ್ಟಿಕೊಳ್ಳಲು ಸಾಮಾನ್ಯವಾಗಿ ಅವಕಾಶ ಇಟ್ಟಿರುತ್ತವೆ. ಉಸ್ತುವಾರಿ ಸಮಿತಿ ಶಿಫಾರಸು ಮಾಡಿದರೆ ಅವರ ವಾಸಕ್ಕೆ ಹೊಲವನ್ನೂ ಬದಲಾಯಿಸಬಹುದು. ಸುಪ್ರೀಂ ಕೋರ್ಟು 2022ರ ಜೂನ್ 3ರಂದು ಕನಿಷ್ಠ ಒಂದು ಕಿಲೋಮೀಟರ್ ವಲಯ ವಿಧಿಸಿ, ಅದರೊಳಗೆ ಹೊಸ ಶಾಶ್ವತ ಕಟ್ಟಡ ಕೂಡದೆಂದಿತು. 2023ರ ಏಪ್ರಿಲ್ 26ರಂದು, ಜನರಿಗಾಗುವ ತೊಂದರೆ ನೋಡಿ, ಅದನ್ನು ತಾನೇ ಸಡಿಲಿಸಿತು. ತಡೆಯ ಸುದ್ದಿಗೆ ಕಾಲು ಚುರುಕು, ರಿಯಾಯಿತಿಯ ಸುದ್ದಿಗೆ ಕುಂಟು. ತನ್ನ ಹಕ್ಕು ಗೊತ್ತಿಲ್ಲದವನು ಅದನ್ನೇ ದಲ್ಲಾಳಿಯಿಂದ ದುಡ್ಡು ಕೊಟ್ಟು ಕೊಳ್ಳುತ್ತಾನೆ.

2013ರ ಭೂಸ್ವಾಧೀನ ಕಾಯ್ದೆಯನ್ನು ನೋಡಿ. ಜಮೀನು ವಶಪಡಿಸಿಕೊಳ್ಳುವ ಅಧಿಸೂಚನೆ ಪಂಚಾಯಿತಿಯಲ್ಲಿ ಸ್ಥಳೀಯ ಭಾಷೆಯಲ್ಲೇ ಇರಬೇಕೆಂದು ಅದು ಹೇಳುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಊರೂರನ್ನೇ ಬಿಟ್ಟುಕೊಟ್ಟ ಜಿಲ್ಲೆ ಇದು. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಇನ್ನೂ ತಲೆಯ ಮೇಲಿದೆ. ಜಮೀನು ಕಿತ್ತುಕೊಳ್ಳುವಾಗ ಕನ್ನಡ, ಅದೇ ಜಮೀನಿನಲ್ಲಿ ಗೋಡೆ ಎಬ್ಬಿಸುವಾಗ ಇಂಗ್ಲಿಷ್. ಇದೆಂಥ ನ್ಯಾಯ?

ಅನುವಾದ ಕಷ್ಟವೆನ್ನುವವರಿದ್ದಾರೆ. ಪರಿಸರ ಪರಿಣಾಮ ಅಂದಾಜಿನ ಕರಡನ್ನು ಎಂಟನೇ ಅನುಸೂಚಿಯ ಭಾಷೆಗಳಿಗೆಲ್ಲ ತರಬೇಕೆಂದು ದಿಲ್ಲಿ ಹೈಕೋರ್ಟು 2020ರ ಜೂನ್ 30ರಂದು ಹೇಳಿದಾಗ, ಕೇಂದ್ರ ಸರಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೇ ಹೋಯಿತು! ಅರ್ಜಿ, ತಕರಾರು, ಮಂಜೂರು, ನಕಾಶೆ, ಜಮೀನು: ಇವೆಲ್ಲ ಅರಬಿ, ಪಾರಸಿಗಳಿಂದ ಬಂದು ನಮ್ಮ ಹಳ್ಳಿಗಳಲ್ಲಿ ಅಪ್ಪಟ ಕನ್ನಡವಾದ ಮಾತುಗಳು. ಕನ್ನಡ ಬಡವಾಗಿಲ್ಲ, ಇಚ್ಛೆ ಬಡವಾಗಿದೆ.

ಅಭಯಾರಣ್ಯದ ಅಂಚಿನ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಸರ್ವೆ ನಂಬರು ಸಹಿತ ಕನ್ನಡ ನಕಾಶೆ ಇರಲಿ. ಸ್ವಂತ ಮನೆಗೆ ಇರುವ ರಿಯಾಯಿತಿಯನ್ನು ಅದರ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಬರೆಸಲಿ. ಮುಧೋಳ, ಬೀಳಗಿಯ ಕಚೇರಿಗಳಲ್ಲಿ ಅರ್ಜಿ ತಿರಸ್ಕರಿಸುವ ಅಧಿಕಾರಿ, ಯಾವ ಕಲಮಿನಡಿ ತಿರಸ್ಕರಿಸಿದೆನೆಂದು ಕನ್ನಡದಲ್ಲಿ ಬರೆದು, ಸಹಿ ಹಾಕಿ ಕೊಡಲಿ.