ಗಾರ್ಡ್ ಬಿಚ್ಚಿದ್ದು ಹುಡುಗ, ಬಿಚ್ಚಿಸಿದ್ದು ಯಾರು?

ಕೊಳಾಲ ಹೋಬಳಿಯಲ್ಲಿ ನಾಲ್ಕಿಂಚಿನ ಗ್ರೈಂಡರ್ ಕಾಲಿಡದ ಕಸುಬನ್ನು ಈಗ ಹುಡುಕಬೇಕು. ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಶಾಪಿಗೆ ಅದು ಬೇಕು. ಟೈಲ್ಸ್ ಹಾಕುವವರಿಗೆ, ಪ್ಲಂಬರಿಗೆ, ಬೋರ್‌ವೆಲ್ಲಿನ ಕೇಸಿಂಗ್ ಪೈಪು ಕೊಯ್ಯುವವರಿಗೆ ಬೇಕು. ಬಾಗಿಲು ಕೂರಿಸುವ ಬಡಗಿಯ ಚೀಲದಲ್ಲೂ ಒಂದು ಇರುತ್ತದೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ಎಲ್ಲೇ ಕೊಂಡರೂ ಡಬ್ಬದಿಂದ ಹೊರಬರುವಾಗ ಮೆಷಿನ್ನಿಗೆ ಎರಡು ಸಾಮಾನು ಜೊತೆಯಾಗಿರುತ್ತವೆ: ಚಕ್ರದ ಅರ್ಧ ಭಾಗ ಮುಚ್ಚುವ ಲೋಹದ ಗಾರ್ಡ್, ಎಡಗೈಗೆಂದು ಪಕ್ಕದ ಹಿಡಿ. ಕೆಲಸಕ್ಕಿಳಿದ ಕೆಲವೇ ದಿನದಲ್ಲಿ ಎರಡೂ ಚೀಲದ ತಳ ಸೇರುತ್ತವೆ.

ಬೆರಳು ಹೋದಾಗ, ಕಣ್ಣಿಗೆ ಕಿಡಿ ಬಿದ್ದಾಗ ಊರಿನ ತೀರ್ಪು ಸಿದ್ಧವಾಗಿರುತ್ತದೆ: ಹುಡುಗನಿಗೆ ಮೈಮೇಲೆ ಜ್ಞಾನ ಇರಲಿಲ್ಲ. ಈ ತೀರ್ಪು ಅರ್ಧ ಸತ್ಯವೂ ಅಲ್ಲ. ಟೈಲ್ಸ್ ಕೆಲಸದ ಲೆಕ್ಕ ಚದರಡಿಗೆ ಇಷ್ಟು ಎಂದು. ಮೂಲೆಯಲ್ಲಿ ಗಾರ್ಡ್ ಅಡ್ಡ ಬಂದರೆ ಅದನ್ನು ತಿರುಗಿಸಿ ಕೂರಿಸಲು ಹೋಗುವ ಹೊತ್ತಿಗೆ ಯಾರೂ ಕಾಸು ಕೊಡುವುದಿಲ್ಲ. ಗೃಹಪ್ರವೇಶದ ದಿನ ಗೊತ್ತಾಗಿದೆ, ಮನೆಯೊಡೆಯ ಬೆಳಗ್ಗೆ ಸಂಜೆ ಬಂದು ನಿಲ್ಲುತ್ತಾನೆ, ಮೇಸ್ತ್ರಿ ಅವಸರ ಮಾಡುತ್ತಾನೆ. ಗಾರ್ಡ್ ಬಿಚ್ಚುವ ಕೈ ಹುಡುಗನದ್ದು, ನಿಜ. ಬಿಚ್ಚಿಸಿದ ಅವಸರ ಅವನದ್ದಲ್ಲ.

ಕೈಯಲ್ಲಿ ಹಿಡಿದು ಚಕ್ರ ತಿರುಗಿಸುವ ಈ ಮೆಷಿನ್ನನ್ನು 1954ರಲ್ಲಿ ಜರ್ಮನಿಯ ಫ್ಲೆಕ್ಸ್ ಕಂಪನಿ ಮಾರುಕಟ್ಟೆಗೆ ತಂದಿತು. ನೋಡಲು ಸಣ್ಣದು, ವೇಗ ಸಣ್ಣದಲ್ಲ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಚಕ್ರದ ಅಂಚು ಗಂಟೆಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಒಡೆದ ಚೂರು ಅದೇ ವೇಗದಲ್ಲಿ ಹೊರಡುತ್ತದೆ. ಅದರ ದಾರಿಯಲ್ಲಿ ಗಾರ್ಡ್ ಇಲ್ಲದಿದ್ದರೆ ಮುಖ ಇರುತ್ತದೆ.

ಚಕ್ರ ಒಡೆಯುವುದಕ್ಕೆ ಕಾರಣಗಳಿವೆ. ಕಟಿಂಗ್ ವೀಲಿನ ನಡುವೆ ತೂತಿನ ಸುತ್ತ ಒಂದು ತೆಳು ಲೋಹದ ಉಂಗುರ ಇರುತ್ತದೆ. ಒಳ್ಳೆಯ ಕಂಪನಿಯ ಮಾಲಾದರೆ ಅದರ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಹೆಚ್ಚಿನವರು ಅದನ್ನು ತಯಾರಾದ ದಿನ ಅಂದುಕೊಳ್ಳುತ್ತಾರೆ. ಅದು ವಾಯಿದೆ ಮುಗಿಯುವ ತಿಂಗಳು. ಚಕ್ರದ ಕಣಗಳನ್ನು ಹಿಡಿದಿಡುವುದು ರಾಳದ ಅಂಟು. ತೇವ ತಗುಲಿದರೆ, ಹಳೆಯದಾದರೆ ಅದರ ಹಿಡಿತ ಸಡಿಲವಾಗುತ್ತದೆ. ಆದ್ದರಿಂದಲೇ ತಯಾರಾದಂದಿನಿಂದ ಮೂರು ವರ್ಷದ ಗಡುವು. ಸಿಮೆಂಟು ಮೂಟೆಯ ಪಕ್ಕ ಮಳೆಯಲ್ಲಿ ನೆನೆದ ಚಕ್ರ ಗಡುವಿನೊಳಗಿದ್ದರೂ ಎಸೆಯಬೇಕಾದ್ದು. ಇನ್ನೊಂದು ಚಾಳಿ, ಏಳಿಂಚಿನ ಚಕ್ರವನ್ನು ನಾಲ್ಕಿಂಚಿನ ಮೆಷಿನ್ನಿಗೆ ಏರಿಸುವುದು. ಏಳಿಂಚಿನ ಚಕ್ರ ತಡೆಯುವುದು ನಿಮಿಷಕ್ಕೆ ಸುಮಾರು 8,500 ಸುತ್ತು. ಮೆಷಿನ್ 11,000 ಸುತ್ತು ತಿರುಗಿಸುತ್ತದೆ. ಗಾರ್ಡ್ ಕಳಚದೆ ಅದು ಒಳಗೆ ಕೂರುವುದೇ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಮರ ಕೊಯ್ಯುವ ಹಲ್ಲಿನ ಬ್ಲೇಡು. ಹಲ್ಲು ಗಂಟಿಗೆ ಸಿಕ್ಕಿದ ಕ್ಷಣ ಮೆಷಿನ್ ಹಿಂದಕ್ಕೆ ಒದೆಯುತ್ತದೆ. ಪಕ್ಕದ ಹಿಡಿ ಇಲ್ಲದೆ ಒಂದೇ ಕೈಯಲ್ಲಿ ಹಿಡಿದವನಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ಸ್ವಿಚ್ಚು ಲಾಕ್ ಆಗಿದ್ದರೆ ಕೈ ಜಾರಿದರೂ ಬ್ಲೇಡು ನಿಲ್ಲುವುದಿಲ್ಲ. ತೊಡೆ, ಹೊಟ್ಟೆ, ಕುತ್ತಿಗೆ, ಸಿಕ್ಕಲ್ಲಿ ಇಳಿಯುತ್ತದೆ. ಮರಕ್ಕೆ ಬೇರೆಯೇ ಗರಗಸದ ಮೆಷಿನ್ ಇದೆ. ಹಣ ಉಳಿಸಲು ಗ್ರೈಂಡರಿಗೆ ಆ ಬ್ಲೇಡು ಹಾಕುವುದನ್ನು ಜಾಣತನ ಎನ್ನುವವರ ಜೊತೆ ವಾದಕ್ಕಿಳಿಯುವುದು ವ್ಯರ್ಥ.

ಇನ್ನು ಕರೆಂಟು. ಅರ್ಧ ಕಟ್ಟಿದ ಮನೆಯಲ್ಲಿ ಸಾಮಾನ್ಯವಾಗಿ ಕಾಣುವುದು ಪ್ಲಗ್ಗಿಲ್ಲದ ವೈರು. ತಾಮ್ರದ ಎಳೆಗಳನ್ನು ಸಾಕೆಟ್ಟಿನ ತೂತಿಗೆ ತೂರಿಸಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ಅದೇ ವೈರು ನೀರು ಹೊಡೆದ ನೆಲದ ಮೇಲೆ ಹರಿದಾಡುತ್ತದೆ. ಮೆಷಿನ್ನಿನ ತಗಡಿನ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ರಕ್ಷಣೆ ಇದೆ, ಅರ್ಥ್ ವೈರು ಬೇಕಿಲ್ಲ. ಆದರೆ ಹೊರಗಿನ ವೈರಿನ ಸಿಪ್ಪೆ ಹರಿದರೆ ಆ ಗುರುತು ಯಾರನ್ನೂ ಕಾಯುವುದಿಲ್ಲ. ಆಗ ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಕರೆಂಟು ಸೋರಿದ ಕೂಡಲೇ ಲೈನು ಕಡಿಯುತ್ತದೆ. ಅರ್ಥಿಂಗ್ ಗುಂಡಿಯ ಕಥೆ ಬೇರೆ. ಪಾವಗಡ, ಮಧುಗಿರಿಯ ಬೇಸಿಗೆಯಲ್ಲಿ ಉಪ್ಪು, ಇದ್ದಿಲು ಹಾಕಿದ ಗುಂಡಿಯೂ ಒಣಗಿ ಬಿರಿಯುತ್ತದೆ. ಒಣಮಣ್ಣು ಕರೆಂಟನ್ನು ಭೂಮಿಗೆ ಸರಿಯಾಗಿ ಬಿಡುವುದಿಲ್ಲ. ಗಿಡಕ್ಕೆ ನೀರು ಹಾಕುವವರು ಗುಂಡಿಗೂ ಒಂದು ಕೊಡ ಸುರಿದರೆ ನಷ್ಟವಿಲ್ಲ.

ಕಾನೂನು ಈ ಕಡೆ ಕಣ್ಣು ಹಾಯಿಸಿದ್ದು ಕಡಿಮೆ. ಒಕ್ಕಣೆ ಯಂತ್ರಗಳಲ್ಲಿ ರೈತರು, ಕೂಲಿಗಳು ಕೈ ಕಳೆದುಕೊಂಡಾಗ ಕೇಂದ್ರ ಸರ್ಕಾರ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ತಂದಿತು. ಯಂತ್ರ ತಯಾರಿಸುವವರ ಮೇಲೂ ಅದು ಹೊಣೆ ಹೊರಿಸಿತು, ಗಾಯವಾದವರಿಗೆ ಪರಿಹಾರದ ದಾರಿ ಮಾಡಿತು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆಯಾದರೋ ಹತ್ತು ಮಂದಿಗಿಂತ ಕಡಿಮೆ ದುಡಿಯುವ ಕಡೆ ತಲೆ ಹಾಕಲಿಲ್ಲ. ಹಳ್ಳಿಮನೆಯ ಟೈಲ್ಸ್ ಕೆಲಸಕ್ಕೆ ಬರುವವರು ಇಬ್ಬರೋ ಮೂವರೋ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಮೆಷಿನ್ ಕೈ ಬದಲಾಯಿಸುವ ಜಾಗದಿಂದ. ಬಾಡಿಗೆಗೆ ಕೊಡುವ ಅಂಗಡಿ ಗಾರ್ಡ್, ಹಿಡಿ, ಸರಿಯಾದ ಪ್ಲಗ್ಗು ಇಲ್ಲದ ಮೆಷಿನ್ನನ್ನು ಹೊರಗೆ ಬಿಡಬಾರದು. ಗಾರ್ಡ್ ಇಲ್ಲದೆ ಹಿಂದಿರುಗಿದರೆ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಲಿ. ಹೋಬಳಿ ಮಟ್ಟದಲ್ಲಿ ಬಾಡಿಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆಗೂ ಇದೇ ಕಟ್ಟಳೆ ಬರಲಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಗಾರೆಯವರೂ ಸೇರಿ 18 ಕಸುಬಿನವರಿಗೆ ಉಪಕರಣ ಕೊಳ್ಳಲು 15,000 ರೂಪಾಯಿವರೆಗಿನ ವೋಚರ್, ಅದರ ಜೊತೆಗೆ ಕೆಲವು ದಿನದ ತರಬೇತಿ ಇದೆ. ಆ ತರಬೇತಿಯ ಒಂದು ಬೆಳಗನ್ನು ಚಕ್ರ ಬದಲಾಯಿಸುವುದಕ್ಕೇ ಮೀಸಲಿಡಬಹುದು: ಮೊದಲು ಪ್ಲಗ್ಗು ಕೀಳುವುದು, ಉಂಗುರದ ಮೇಲಿನ ತಿಂಗಳು ಓದುವುದು, ಹೊಸ ಚಕ್ರ ಹಾಕಿದ ಮೇಲೆ ಅರ್ಧ ನಿಮಿಷ ಮುಖದಿಂದ ದೂರ ಹಿಡಿದು ಖಾಲಿ ಓಡಿಸುವುದು.

ರಿಪೇರಿಗೆ ಬಿಡುವಿಲ್ಲ ಎನ್ನುವವರಿಗೆ ಆಯುಧಪೂಜೆ ಇದೆ. ಅಂದು ವೆಲ್ಡಿಂಗ್ ಶಾಪಿನಲ್ಲಿ ಮೆಷಿನ್‌ಗಳೆಲ್ಲ ತೊಳೆದು ಒರೆಸಿಕೊಂಡು ಕುಂಕುಮ ಇಡಿಸಿಕೊಳ್ಳುತ್ತವೆ. ಅದಕ್ಕೂ ಮುಂಚೆ ಒಳಗಿನ ಧೂಳು ಊದಿ, ಸವೆದ ಕಾರ್ಬನ್ ಬದಲಾಯಿಸಿ, ಮೆಷಿನ್ನಿನ ಬುಡದಲ್ಲಿ ಮಡಿಸಿ ಮಡಿಸಿ ಬಿರಿದ ವೈರು ಕತ್ತರಿಸಿ ಹೊಸದು ಹಾಕಿಸಬಹುದು. ಗಾಳಿತೂತಿನಲ್ಲಿ ಜೋರಾಗಿ ಕಿಡಿ ಕಂಡರೆ ಕಾರ್ಬನ್ ಮುಗಿದಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಹಾಗೇ ಬಿಟ್ಟರೆ ಆರ್ಮೇಚರ್ ಸುಟ್ಟು ಖರ್ಚು ಹಲವು ಪಟ್ಟಾಗುತ್ತದೆ.

ಮನೆ ಕಟ್ಟಿಸುವವರ ಪಾಲೂ ಇದೆ. ಗ್ರಾನೈಟನ್ನು ಒಣದಾಗಿ ಕೊಯ್ದರೆ ಏಳುವ ಬಿಳಿ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ, ಅದಕ್ಕೆ ವಾಸಿಯಾಗುವ ಮದ್ದಿಲ್ಲ. ಕರವಸ್ತ್ರ ಕಟ್ಟಿದರೆ ಆ ಧೂಳು ನಿಲ್ಲುವುದಿಲ್ಲ. ನೀರು ಬಿಟ್ಟು ಕೊಯ್ಯುವ ಕಟರ್, ಆರ್‌ಸಿಸಿಬಿ ಇರುವ ಬೋರ್ಡು, ಕನ್ನಡಕ, ಎನ್95 ಮಾಸ್ಕು ಇವಿಷ್ಟನ್ನೂ ಮೇಸ್ತ್ರಿಯ ಜೊತೆ ಚದರಡಿ ರೇಟು ಮಾತಾಡುವ ದಿನವೇ ಲೆಕ್ಕಕ್ಕೆ ಸೇರಿಸಬೇಕು, ಮರಳು ಸಿಮೆಂಟಿನ ಸಾಲಿನಲ್ಲೇ.