ಹಿಮದ ಮದ್ಯವೂ ಶೀತಯಂತ್ರವೂ

ಜರ್ಮನಿಯ ರೈನ್ ಮತ್ತು ಮೋಸೆಲ್ ನದಿಗಳ ಇಳಿಜಾರು ದಂಡೆಗಳಲ್ಲಿ, ಕೊಯ್ಲೆಲ್ಲ ಮುಗಿದ ಮೇಲೂ ದ್ರಾಕ್ಷಿಯ ಕೆಲವು ಗೊಂಚಲುಗಳನ್ನು ಬಳ್ಳಿಯಲ್ಲಿಯೇ ಉಳಿಸುವ ಪದ್ಧತಿಯುಂಟು. ಅತಿಯಾಗಿ ಮಾಗಿದ ಆ ಹಣ್ಣಿನಿಂದ, ಊಟದ ಕೊನೆಯಲ್ಲಿ ಚಿಕ್ಕ ಬಟ್ಟಲಿನಲ್ಲಿ ಸೇವಿಸುವ ಸಿಹಿ ಮದ್ಯವನ್ನು ತಯಾರಿಸುತ್ತಾರೆ. ಮದ್ಯಪಾನದ ಗುಣದೋಷ ಇಲ್ಲಿಯ ವಿಷಯವಲ್ಲ. ಅದರ ಹಿಂದಿರುವ ಭೌತವಿಜ್ಞಾನವೂ ಅದರಿಂದೇಳುವ ಒಂದು ಪ್ರಶ್ನೆಯೂ ವಿದ್ಯಾರ್ಥಿಗಳು ವಿಚಾರಿಸತಕ್ಕವು.

ಸಿಹಿಯ ಗುಟ್ಟೆಲ್ಲ ನೀರನ್ನು ಕಳೆಯುವುದರಲ್ಲಿದೆ. ಬೋಟ್ರೈಟಿಸ್ ಎಂಬ ಬೂಷ್ಟು ಸಿಪ್ಪೆಯನ್ನು ಭೇದಿಸಿದರೆ ನೀರು ಆವಿಯಾಗಿ ಹಣ್ಣು ಸುಕ್ಕುಗಟ್ಟುತ್ತದೆ. ಇದು ಒಂದು ದಾರಿ. ಇನ್ನೊಂದು ದಾರಿ ಹಿಮದ್ದು. ಬಿಂಗೆನ್ ಊರಿನ ಬಳಿಯ ಡ್ರೋಮರ್ಸ್‌ಹೈಮಿನಲ್ಲಿ 1829ರ ಫಸಲನ್ನು 1830ರ ಫೆಬ್ರವರಿಯಲ್ಲಿ, ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಕೊಯ್ದು ಹಿಂಡಿದರು. ಅದೇ ಐಸ್‌ವೈನ್. ಉಷ್ಣತೆ ಸೊನ್ನೆಗಿಂತ 7 ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿದಾಗಲೇ ಹಣ್ಣನ್ನು ಕೊಯ್ಯಬೇಕು, ಹೆಪ್ಪುಗಟ್ಟಿರುವಂತೆಯೇ ಹಿಂಡಬೇಕು ಎಂಬುದು ಇಂದಿನ ನಿಯಮ.

ಈ 7 ಎಂಬ ಸಂಖ್ಯೆಯನ್ನು ಸ್ವಲ್ಪ ಪರೀಕ್ಷಿಸೋಣ. ಮಂಜಿನ ಹರಳಿನ ಕಟ್ಟಡದಲ್ಲಿ ಸಕ್ಕರೆಯ ಅಣುವಿಗೆ ಸ್ಥಳವಿಲ್ಲ. ಶುದ್ಧ ನೀರಷ್ಟೇ ಹೆಪ್ಪುಗಟ್ಟಿ, ಸಕ್ಕರೆ ಉಳಿದ ದ್ರವದಲ್ಲಿ ಸೇರಿಕೊಳ್ಳುತ್ತದೆ. ಒಂದು ಕಿಲೋಗ್ರಾಂ ನೀರಿನಲ್ಲಿ ಒಂದು ಮೋಲ್ ಸಕ್ಕರೆ ಕರಗಿದರೆ ಹೆಪ್ಪುಗಟ್ಟುವ ಬಿಂದು 1.86 ಡಿಗ್ರಿ ಕುಸಿಯುತ್ತದೆ. ಏಳು ಡಿಗ್ರಿ ಕುಸಿಯಲು ಸುಮಾರು 3.76 ಮೋಲ್, ಎಂದರೆ 680 ಗ್ರಾಂ ದ್ರಾಕ್ಷಾಸಕ್ಕರೆ ಬೇಕು. ಮೊದಲು ಅಷ್ಟೇ ನೀರಿಗೆ 240 ಗ್ರಾಂ ಸಕ್ಕರೆಯಿದ್ದ ಹಣ್ಣಿನಲ್ಲಿ, ನೀರಿನ ಮೂರರಲ್ಲಿ ಎರಡು ಪಾಲಿನಷ್ಟು ಮಂಜಾಗಿ ಗಾಣದಲ್ಲಿಯೇ ನಿಲ್ಲುತ್ತದೆ. ಇದು ಸ್ಥೂಲವಾದ ಲೆಕ್ಕ, ಆದರೂ ಕಾಗದದ ಮೇಲೆ ನೀವೇ ಮಾಡಿ ನೋಡುವುದು ಲೇಸು.

ಆದರೆ ಚಳಿಗಾಲವೇ ಬಾರದಿದ್ದರೆ? ಹಾಗೆಯೇ ಆಯಿತು. 2019ರ ಫಸಲಿಗೆ, 2020ರ ವಸಂತದವರೆಗೂ ತಕ್ಕಷ್ಟು ಚಳಿ ಬೀಳದೆ, ದೇಶದ ಹದಿಮೂರು ದ್ರಾಕ್ಷಿ ಸೀಮೆಗಳಲ್ಲಿಯೂ ಐಸ್‌ವೈನ್ ಕೈತಪ್ಪಿತು. ಭೂಮಿ ಬೆಚ್ಚಗಾಗುತ್ತಿರುವಾಗ ಇಂಥ ವರ್ಷಗಳು ಇನ್ನೂ ಬರುವುವು. ಹಾಗಾದರೆ ಹಣ್ಣನ್ನು ಶೀತಯಂತ್ರದಲ್ಲಿಟ್ಟು ಹಿಂಡಬಾರದೇಕೆ? ಕೃತಕ ಶೈತ್ಯಕ್ಕೆ ಈಗ ಕಾನೂನಿನ ತಡೆಯಿದೆ. ಅದನ್ನು ಸಡಿಲಿಸಬಾರದೆಂಬುದೇ ನನ್ನ ಅಭಿಪ್ರಾಯ.

ಯಂತ್ರದ ಮಂಜಿಗೂ ತೋಟದ ಮಂಜಿಗೂ ಭೌತವಿಜ್ಞಾನವು ಭೇದವೆಣಿಸದೆಂಬುದು ನಿಜ. ಪ್ರಯೋಗಶಾಲೆಯಲ್ಲಿ ಒಮ್ಮೊಮ್ಮೆ ವಿದ್ಯಾರ್ಥಿಯೊಬ್ಬ ಲೋಲಕವನ್ನು ಮುಟ್ಟದೆ, ಗುರುತ್ವದ ಬೆಲೆಯನ್ನು ಪುಸ್ತಕದಿಂದ ನೋಡಿ ಬರೆದು ತರುತ್ತಾನೆ. ಸಂಖ್ಯೆ ಸರಿಯೇ, ನಾನು ಅಂಕ ಕೊಡುವುದಿಲ್ಲ. ಅವನು ಅಳೆದೆನೆಂದು ಹೇಳಿದ್ದಾನೆ, ಅಳೆದಿಲ್ಲ. ಐಸ್‌ವೈನ್ ಎಂಬ ಹೆಸರೂ ಹಾಗೆಯೇ: ಇಂಥ ವರ್ಷ ಇಂಥ ತೋಟದಲ್ಲಿ ಇಷ್ಟು ಚಳಿಯಿತ್ತೆಂಬ ಹೇಳಿಕೆ ಅದರಲ್ಲಿದೆ.

ಹಕ್ಕಿ, ಕೊಳೆತಗಳ ಕಾಟವನ್ನು ಸಹಿಸಿ ತಿಂಗಳುಗಟ್ಟಲೆ ಕಾದ ಬೆಳೆಗಾರನ ನಷ್ಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವನು ಯಂತ್ರದಿಂದ ಸಿಹಿ ಮದ್ಯವನ್ನು ಮಾಡಿ ಮಾರಲಿ. ಅದಕ್ಕೆ ಬೇರೊಂದು ಹೆಸರನ್ನಿಡಲಿ.