ಲಸಿಕೆಯ ನಂತರ ಸರ್ಪಸುತ್ತು: ಸಾರ್ವಜನಿಕರ ಗಮನಕ್ಕೆ

ಕೋವಿಡ್-19 ಲಸಿಕೆ ಪಡೆದ ಕೆಲವರಲ್ಲಿ ಸರ್ಪಸುತ್ತು ಕಾಣಿಸಿಕೊಂಡಿರುವುದು ವರದಿಯಾಗಿರುತ್ತದೆ. ಹಿಂದೆ ಸೀತಾಳೆ ಸಿಡುಬು ಬಂದವರ ನರಗಳಲ್ಲಿ ಸುಪ್ತವಾಗಿರುವ ವೈರಾಣು, ವಯಸ್ಸು ಅಥವಾ ಕುಂದಿದ ರೋಗನಿರೋಧಕ ಶಕ್ತಿಯ ಕಾರಣ ಮರಳಿ ಸಕ್ರಿಯಗೊಂಡಾಗ ಈ ರೋಗವು ತಲೆದೋರುತ್ತದೆ. ಕೋವಿಡ್ ಲಸಿಕೆಯಲ್ಲಿ ಸದರಿ ವೈರಾಣು ಇರುವುದಿಲ್ಲ.

ಫೈಜರ್ ಲಸಿಕೆಯನ್ನು ಕುರಿತ 2021ರ ಇಸ್ರೇಲ್ ಅಧ್ಯಯನದಲ್ಲಿ, ಲಸಿಕೆ ಪಡೆಯದವರಿಗೆ ಹೋಲಿಸಿದಾಗ, ಪ್ರತಿ ಲಕ್ಷ ಜನರಲ್ಲಿ ಸುಮಾರು 16 ಹೆಚ್ಚುವರಿ ಪ್ರಕರಣಗಳು ಕಂಡುಬಂದವು. ಲಸಿಕೆ ಪಡೆದ 20 ಲಕ್ಷಕ್ಕೂ ಹೆಚ್ಚು ಜನರನ್ನೊಳಗೊಂಡ 2022ರ ಅಮೆರಿಕದ ಅಧ್ಯಯನದಲ್ಲಿ ಅಂತಹ ಹೆಚ್ಚಳ ಕಂಡುಬರಲಿಲ್ಲ. ಆದುದರಿಂದ ಲಸಿಕೆಯ ನಂತರ ಸಂಭವಿಸಿದ್ದೆಲ್ಲವೂ ಲಸಿಕೆಯಿಂದಲೇ ಸಂಭವಿಸಿತೆಂದು ಹೇಳಲಾಗದು. ಸಂಬಂಧವೇ ಇಲ್ಲವೆಂದು ತಳ್ಳಿಹಾಕಲೂ ಆಗದು. ಇದರ ನಿರ್ಧಾರಕ್ಕೆ ಪ್ರತಿಯೊಂದು ವರದಿಯೂ ಅವಶ್ಯಕ.

ಲಸಿಕೆಯ ನಂತರ ದೇಹದ ಒಂದೇ ಪಾರ್ಶ್ವದಲ್ಲಿ ಉರಿ, ನೋವು ಹಾಗೂ ನೀರುಗುಳ್ಳೆಗಳು ಕಂಡುಬಂದಲ್ಲಿ, ಸರ್ಪದೋಷವೆಂದು ಭಾವಿಸಿ ಕೆಮ್ಮಣ್ಣು ಹಚ್ಚುತ್ತಾ ಕಾಲಹರಣ ಮಾಡಬಾರದು. ಗುಳ್ಳೆಗಳು ಕಾಣಿಸಿಕೊಂಡ 72 ಗಂಟೆಗಳೊಳಗೆ ವೈದ್ಯರ ಸಲಹೆಯಂತೆ ಔಷಧ ಆರಂಭಿಸಿದಲ್ಲಿ ಹೆಚ್ಚಿನ ಪ್ರಯೋಜನವಾಗುತ್ತದೆ. ಕಣ್ಣಿನ ಸಮೀಪ ಗುಳ್ಳೆಗಳಿದ್ದಲ್ಲಿ ತಡಮಾಡದೆ ಆಸ್ಪತ್ರೆಗೆ ತೆರಳತಕ್ಕದ್ದು.

ಲಸಿಕೆಯ ಹೆಸರು ಮತ್ತು ಪಡೆದ ದಿನಾಂಕದ ವಿವರಗಳೊಂದಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಮಾಹಿತಿ ನೀಡುವುದು. ಲಸಿಕೆಯೇ ಕಾರಣವೆಂದು ನಾಗರಿಕರು ರುಜುವಾತುಪಡಿಸಬೇಕಾದ ಅಗತ್ಯವಿರುವುದಿಲ್ಲ.